ಅಪ್‌ಡೇಟ್: ಕೊನೆಗೂ ಸ್ಪಿನ್ನರ್‌ಗೆ ಟ್ರೌಟ್ ಬಿತ್ತು

ಹಿಮಾಚಲದ ತೀರ್ಥನ್ ಹೊಳೆಯಲ್ಲಿ ಎರಡು ದಿನ ಸ್ಪಿನ್ನರ್ (ನೀರಲ್ಲಿ ಎಳೆದಾಗ ಲೋಹದ ಎಲೆ ತಿರುಗುವ, ಕೊಕ್ಕೆ ಇರುವ ಕೃತಕ ಆಮಿಷ) ಎಸೆದರೂ ಒಂದು ಟ್ರೌಟ್ (ತಣ್ಣೀರಿನ ಹೊಳೆ ಮೀನು) ಕೂಡ ಮುಟ್ಟಲಿಲ್ಲ, ಯಾಕೆ ಅಂತ ಏಪ್ರಿಲ್‌ನಲ್ಲಿ ಇಲ್ಲಿ ಕೇಳಿದ್ದೆ. ಅಕ್ಟೋಬರ್‌ನಲ್ಲಿ ಮತ್ತೆ ಹೋಗಿ ಬಂದೆ. ಈ ಸಲ ಮೂರು ಸಿಕ್ಕವು!

ಎಸೆಯುವ ದಿಕ್ಕೇ ತಪ್ಪು ಅಂತ ನೀವು ಹೇಳಿದ್ದೇ ನಿಜ. ನಾನು ಹೊಳೆ ಹರಿಯುವ ಕಡೆಗೇ ಎಸೆದು, ನೀರಿನ ಸೆಳೆತಕ್ಕೆ ಎದುರಾಗಿ ಎಳೆಯುತ್ತಿದ್ದೆ. ಹಾಗೆ ಮಾಡಿದರೆ ಸ್ಪಿನ್ನರ್ ಮೇಲೆದ್ದು ಬರುತ್ತದೆ. ಟ್ರೌಟ್ ಹರಿವಿಗೆ ಮುಖ ಮಾಡಿ ನಿಲ್ಲುವ ಮೀನು ಅಲ್ವಾ, ನಾನು ಅದರ ಕಣ್ಣೆದುರೇ ನಿಂತಿದ್ದೆ.

ಹೋಗುವ ಮೊದಲು, ಮೇ ತಿಂಗಳಲ್ಲಿ, ಸಕಲೇಶಪುರದ ನಮ್ಮ ಮನೆ ಹತ್ತಿರ ಹೇಮಾವತಿಯಲ್ಲಿ ಕೊಕ್ಕೆ ತೆಗೆದು ಬರೀ ಎಸೆಯುವುದನ್ನು ಕಲಿತೆ. ಬಂಡೆಯ ಪಕ್ಕಕ್ಕೆ ಸರಿಯಾಗಿ ಬೀಳಿಸುವುದು ಸುಲಭವಲ್ಲ. ಸಂಜೆ ಹೊತ್ತು ಅಪ್ಪ ದಡದಲ್ಲಿ ಕೂತು ನೋಡುತ್ತಿದ್ದರು.

ತೀರ್ಥನ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ನಡೆದೆ. ಮೇಲ್ಮುಖವಾಗಿ, ಸ್ವಲ್ಪ ಓರೆಯಾಗಿ ಎಸೆದು, ಹರಿವಿಗಿಂತ ತುಸು ಜಾಸ್ತಿ ವೇಗದಲ್ಲಿ ರೀಲ್ ಸುತ್ತಿದೆ. ಸ್ಪಿನ್ನರ್‌ನ ಎಲೆ ತಿರುಗುವ ನಡುಕ ಕೈಗೆ ತಿಳಿಯಬೇಕು. ಅದು ನಿಂತರೆ ಸ್ಪಿನ್ನರ್ ಸುಮ್ನೆ ಲೋಹದ ತುಂಡು. ದೊಡ್ಡ ಬಂಡೆಯ ಹಿಂದೆ, ನೀರು ನಿಧಾನವಾಗುವ ಜಾಗದಲ್ಲಿ ಮೊದಲ ಬ್ರೌನ್ ಟ್ರೌಟ್ ಹೊಡೆಯಿತು. ಮೈಮೇಲೆ ಕೆಂಪು ಚುಕ್ಕೆ. ಎಷ್ಟು ಚೆಂದ! ಕೈ ಒದ್ದೆ ಮಾಡಿಕೊಂಡು ಹಿಡಿದೆ, ನೀರಿಗೇ ಬಿಟ್ಟೆ.

ದಾರ ತಿರುಚಿಕೊಳ್ಳುವ ತೊಂದರೆಯೂ ಸಣ್ಣ ಸ್ವಿವೆಲ್ (ತಿರುಗುವ ಕೊಂಡಿ) ಕಟ್ಟಿದ ಮೇಲೆ ಹೋಯಿತು. ಹೋಗುವವರು ಮೀನುಗಾರಿಕೆ ಇಲಾಖೆಯ ಪರವಾನಗಿ ಮಾತ್ರ ಮರೆಯಬೇಡಿ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.