ಪಾರ್ಮಿಜಾನ: ಕರಿಯುವುದೋ, ಓವನ್‌ನಲ್ಲಿ ಬೇಯಿಸುವುದೋ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಮೈಸೂರಿನ ಮನೆಯಲ್ಲಿ ನಾವೆಲ್ಲ ಸೇರುವಾಗ ಇಟಲಿಯ ಬದನೆಕಾಯಿ ಪಾರ್ಮಿಜಾನ (ಬದನೆ ಬಿಲ್ಲೆ, ಟೊಮೆಟೊ ಸಾಸ್, ಚೀಸ್ ಪದರ ಪದರವಾಗಿ ಜೋಡಿಸಿ ಬೇಯಿಸುವ ಅಡುಗೆ) ಮಾಡಬೇಕೆಂದಿರುವ ಅತ್ತಿಗೆಯವರು, ಹಳೆಯ ಕ್ರಮದಂತೆ ಬದನೆಯನ್ನು ಎಣ್ಣೆಯಲ್ಲಿ ಕರಿಯಬೇಕೋ ಅಥವಾ ಈಗ ಬಹಳ ಜನ ಮಾಡುವಂತೆ ಓವನ್‌ನಲ್ಲಿ ಬೇಯಿಸಿದರೆ ಸಾಕೋ ಎಂದು ನಿನ್ನೆ ಕೇಳಿದ್ದರು. ಬ್ರೆಡ್ ಪುಡಿ ಹಚ್ಚಿ ಕರಿಯದಿದ್ದರೆ ಅದು ಪಾರ್ಮಿಜಾನವೇ ಅಲ್ಲ ಎಂದು ನ್ಯೂಜೆರ್ಸಿಯ ಚಿಕ್ಕಪ್ಪ ಉತ್ತರಿಸಿದ್ದಾರೆ. ನೇಪಲ್ಸ್‌ಗೆ ಹತ್ತಿರದ ಸಲೆರ್ನೊದಲ್ಲಿ ಕೆಲವು ವರ್ಷ ಇದ್ದು, ಅಲ್ಲಿನ ಮನೆಗಳಲ್ಲಿ ಇದನ್ನು ಮಾಡುವುದನ್ನು ಪಕ್ಕದಲ್ಲಿ ನಿಂತು ಕಲಿತವಳಾದ್ದರಿಂದ ನಾನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದಯವಿಟ್ಟು ಪೂರ್ತಿ ಕೇಳಿ.

ಚಿಕ್ಕಪ್ಪ ಹೇಳುತ್ತಿರುವುದು ಅಮೆರಿಕಕ್ಕೆ ವಲಸೆ ಹೋದ ಇಟಲಿಯವರು ಅಲ್ಲಿ ಬೆಳೆಸಿದ ರೂಪ. ಕೋಳಿ ಮಾಂಸದ ಪಾರ್ಮಿಜಾನವೂ ಅವರಿಂದಲೇ ಬಂತು. ಅದು ರುಚಿಯಾದ ತಿನಿಸು, ಅದಕ್ಕೆ ಅದರದೇ ಗೌರವವಿದೆ. ಆದರೆ ಗರಿಗರಿಯಾದ ಹೊದಿಕೆ ಮತ್ತು ಧಾರಾಳವಾದ ಚೀಸ್ ಸೇರಿದಾಗ ಬದನೆಕಾಯಿಯ ರುಚಿ ಹಿಂದೆ ಸರಿಯುತ್ತದೆ, ನನ್ನ ತಕರಾರು ಇರುವುದು ಅಲ್ಲಿ ಮಾತ್ರ. ದಕ್ಷಿಣ ಇಟಲಿಯ ಮನೆಗಳಲ್ಲಿ ಬದನೆಯನ್ನು ಸಾಮಾನ್ಯವಾಗಿ ಯಾವ ಹೊದಿಕೆಯೂ ಇಲ್ಲದೆ ಕರಿಯುತ್ತಾರೆ. ನೇಪಲ್ಸ್‌ನ ಕೆಲವು ಕುಟುಂಬಗಳು ಮೈದಾ ಮತ್ತು ಮೊಟ್ಟೆಯಲ್ಲಿ ಅದ್ದಿ ಕರಿಯುವುದೂ ಉಂಟು.

ಸಂಪ್ರದಾಯ ಎನ್ನುವಾಗ ಯಾವ ಊರಿನದು ಎಂದೂ ಕೇಳಬೇಕಾಗುತ್ತದೆ. ಈ ಅಡುಗೆ ತಮ್ಮದೆಂದು ನೇಪಲ್ಸ್, ದಕ್ಷಿಣದ ದ್ವೀಪ ಸಿಸಿಲಿ, ಉತ್ತರದ ಊರು ಪಾರ್ಮಾ ಮೂರೂ ಹೇಳಿಕೊಳ್ಳುತ್ತವೆ. ಬರಹದ ದಾಖಲೆ ನೇಪಲ್ಸ್ ಕಡೆಗೆ ವಾಲುತ್ತದೆ: 1837ರಲ್ಲಿ ಮೊದಲು ಅಚ್ಚಾದ, ನೇಪಲ್ಸ್‌ನ ಇಪ್ಪೊಲಿತೊ ಕಾವಲ್ಕಾಂತಿಯವರ ಅಡುಗೆ ಪುಸ್ತಕದ ಪರಂಪರೆಯಲ್ಲಿ ಕರಿದ ಬದನೆ, ಚೀಸ್ ಮತ್ತು ಬೇಸಿಲ್ ಎಲೆಗಳನ್ನು ಪದರ ಪದರವಾಗಿ ಜೋಡಿಸುವ ವಿಧಾನ ಕಾಣುತ್ತದೆ. ನೇಪಲ್ಸ್‌ನವರು ಹಸುವಿನ ಹಾಲಿನ ಮೊಝರೆಲ್ಲಾ ಅಥವಾ ಹೊಗೆ ಹಿಡಿಸಿದ ಪ್ರೊವೊಲಾ ಚೀಸ್ ಬಳಸಿದರೆ, ಸಿಸಿಲಿಯ ಹಲವು ಮನೆಗಳಲ್ಲಿ ಅದರ ಬದಲು ಕಾಚೊಕವಾಲ್ಲೊ ಚೀಸ್ ಅಥವಾ ಕುರಿ ಹಾಲಿನ ಪೆಕೊರಿನೊ ಚೀಸ್ ಬೀಳುತ್ತದೆ, ಕೆಲವರು ಬೆಂದ ಮೊಟ್ಟೆಯ ಬಿಲ್ಲೆಗಳನ್ನೂ ಇಡುತ್ತಾರೆ. ಬದನೆ ನಮ್ಮ ಉಪಖಂಡದ ಕಡೆಯಿಂದ ಅರಬರ ಮೂಲಕ ಅಲ್ಲಿಗೆ ತಲುಪಿದ್ದು, ಟೊಮೆಟೊ ಅಮೆರಿಕದಿಂದ ಬಂದದ್ದು. ಹಾಗಾಗಿ ಒಂದೇ ಒಂದು ಶುದ್ಧ ಮೂಲರೂಪವನ್ನು ಹುಡುಕುತ್ತಾ ಕೂರುವ ಅಗತ್ಯವಿಲ್ಲ.

ಈಗ ಅತ್ತಿಗೆಯವರ ಪ್ರಶ್ನೆಗೆ ಬರುತ್ತೇನೆ. ಬದನೆಯ ತಿರುಳು ತುಂಬ ಗಾಳಿಯ ಸಣ್ಣ ಸಣ್ಣ ಪೊಟರೆಗಳಿರುತ್ತವೆ, ಹಸಿಯಾಗಿ ಬಾಣಲೆಗೆ ಬಿಟ್ಟರೆ ಅವುಗಳೊಳಗೆ ಎಣ್ಣೆ ನುಗ್ಗುತ್ತದೆ. ಅದಕ್ಕಾಗಿಯೇ ಹಳಬರು ಬಿಲ್ಲೆಗಳಿಗೆ ಉಪ್ಪು ಸವರಿ ಒಂದು ಗಂಟೆ ಜರಡಿಯಲ್ಲಿ ಭಾರ ಹೇರಿ ಇಡುತ್ತಾರೆ. ಕಹಿ ಹೋಗಲೆಂದು ಹಾಗೆ ಮಾಡುವುದಾಗಿ ಅವರು ಹೇಳುತ್ತಾರೆ. ಇಂದಿನ ತಳಿಗಳಲ್ಲಿ ಅಷ್ಟು ಕಹಿ ಇಲ್ಲದಿದ್ದರೂ, ನೀರು ಹೊರಬಂದು ತಿರುಳು ಕುಸಿಯುವುದರಿಂದ ಬದನೆ ಕಡಿಮೆ ಎಣ್ಣೆ ಕುಡಿಯುತ್ತದೆ ಎಂಬ ಲಾಭ ಹಾಗೆಯೇ ಉಳಿದಿದೆ. ಕರಿದಾಗ ಬದನೆಗೆ ಬರುವ ಬೆಣ್ಣೆಯಂಥ ಮೃದುತನ ಓವನ್‌ನಲ್ಲಿ ಪೂರ್ತಿ ಬರುವುದಿಲ್ಲ, ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೂ ಇಪ್ಪತ್ತು ಜನರಿಗೆ ಮಾಡುವಾಗ, ಅದರಲ್ಲೂ ಹಿರಿಯರು ಕರಿದದ್ದನ್ನು ಬಿಟ್ಟಿರುವಾಗ, ಓವನ್ ಕ್ರಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಎಣ್ಣೆಯನ್ನು ಮಾತ್ರ ಬಿಡಬೇಡಿ: ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆಗಳ ಎರಡೂ ಬದಿಗೆ ಆಲಿವ್ ಎಣ್ಣೆ ಧಾರಾಳವಾಗಿ ಹಚ್ಚಿ, 200 ಡಿಗ್ರಿಯಲ್ಲಿ ಅಂಚು ಕಂದುಬಣ್ಣಕ್ಕೆ ತಿರುಗುವವರೆಗೆ ಬೇಯಿಸಿ. ಎಣ್ಣೆಯೇ ಇಲ್ಲದೆ ಏರ್ ಫ್ರೈಯರ್‌ನಲ್ಲಿ ಒಣಗಿಸಿದ ಬದನೆ ಚರ್ಮದಂತೆ ಗಡುಸಾಗುತ್ತದೆ. ಆಮೇಲೆ ಎಷ್ಟು ಸಾಸ್ ಸುರಿದರೂ ಸರಿಹೋಗುವುದಿಲ್ಲ.

ಪದರಗಳನ್ನು ಬಿಡಿಸಿ, ತಟ್ಟೆಯ ಒಂದು ಮೂಲೆಯಲ್ಲಿ ಬದನೆ, ಇನ್ನೊಂದು ಕಡೆ ಚೀಸ್ ನೊರೆ ಇಟ್ಟು ಕೊಡುವ ಹೋಟೆಲುಗಳ ಹೊಸ ಶೈಲಿ ನನಗೆ ಒಪ್ಪಿಗೆಯಿಲ್ಲ. ಪದರಗಳು ಒಂದರೊಳಗೊಂದು ಇಳಿದು ಬೆರೆಯುವುದರಲ್ಲೇ ಈ ಅಡುಗೆಯ ಜೀವ ಇದೆ.

ಟೊಮೆಟೊ ಸಾಸ್ ಗಟ್ಟಿಯಾಗಿರಲಿ, ಪ್ರತಿ ಪದರಕ್ಕೆ ತೆಳುವಾಗಿ ಬೀಳಲಿ. ನಮ್ಮ ಪೇಟೆಯ ಹುಳಿ ಟೊಮೆಟೊವನ್ನು ನಿಧಾನವಾಗಿ ಮುಕ್ಕಾಲು ಗಂಟೆ ಕುದಿಸಿದರೆ ಸಾಕು, ಗರಂ ಮಸಾಲೆ, ಓರೆಗಾನೊ ಯಾವುದೂ ಬೇಡ. ಬೇಸಿಲ್ ಸಿಗದಿದ್ದರೆ ಹಿತ್ತಿಲ ಕಾಮಕಸ್ತೂರಿಯ ಎಲೆ ಹಾಕಿ, ಎರಡೂ ಒಂದೇ ಜಾತಿಯ ಗಿಡ. ಪೂಜೆಯ ತುಳಸಿಯ ಘಾಟು ಇಲ್ಲಿ ಹೊಂದುವುದಿಲ್ಲ.

ಇನ್ನೊಂದು ವಿಷಯವನ್ನು ಅಜ್ಜಿಗಾಗಿ ಹೇಳಲೇಬೇಕು. ಬದನೆಕಾಯಿಯ ಅಡುಗೆ ಎಂದ ಮಾತ್ರಕ್ಕೆ ಇದು ಸಸ್ಯಾಹಾರವಾಗಿಬಿಡುವುದಿಲ್ಲ. ಇದಕ್ಕೆ ತುರಿದು ಹಾಕುವ ಗಟ್ಟಿ ಚೀಸ್ ಅಸಲಿ ಪಾರ್ಮಿಜಾನೊ ರೆಜ್ಜಾನೊ ಆದರೆ, ಅದರ ಹಾಲನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪಿನಿಂದ; ಆ ಚೀಸ್‌ನ ಅಧಿಕೃತ ನಿಯಮವೇ ಹಾಗಿದೆ, ಬೇರೆ ರೆನೆಟ್ ಬಳಸಿದರೆ ಆ ಹೆಸರು ಹಾಕುವಂತಿಲ್ಲ. ಆದ್ದರಿಂದ ಚಿಕ್ಕಪ್ಪ ಅಲ್ಲಿಂದ ತರುತ್ತೇನೆಂದಿರುವ ಚೀಸನ್ನು ದಯವಿಟ್ಟು ಈ ಅಡುಗೆಗೆ ಹಾಕಬೇಡಿ. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸಿ ಇಲ್ಲೇ ತಯಾರಿಸಿದ, ಪೊಟ್ಟಣದ ಮೇಲೆ ಹಸಿರು ಚುಕ್ಕಿಯಿರುವ ಗಟ್ಟಿ ಚೀಸ್ ಬೆಂಗಳೂರಿನಲ್ಲಿ ಸಿಗುತ್ತದೆ, ನಾನೇ ತರುತ್ತೇನೆ. ಮೊಝರೆಲ್ಲಾಕ್ಕೂ ಅದೇ ಗುರುತು ನೋಡಿ, ಹಿಂದಿನ ರಾತ್ರಿಯೇ ಹೋಳು ಮಾಡಿ ನೀರು ಬಸಿಯಲು ಇಡಿ; ಇಲ್ಲವಾದರೆ ತಟ್ಟೆಯ ತಳದಲ್ಲಿ ನೀರು ನಿಲ್ಲುತ್ತದೆ.

ಎರಡು ಕಿಲೋ ದೊಡ್ಡ ನೇರಳೆ ಬದನೆಗೆ ಮೊಝರೆಲ್ಲಾ 400 ಗ್ರಾಂ, ತುರಿದ ಗಟ್ಟಿ ಚೀಸ್ 150 ಗ್ರಾಂ ಸಾಕು. ಜೋಡಿಸಿದ ಮೇಲೆ 180 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಬೇಯಿಸಿ. ಬಿಸಿಬಿಸಿಯಾಗಿ ಕತ್ತರಿಸಿದರೆ ಕುಸಿದು ಹೋಗುತ್ತದೆ. ಬೇಸಿಗೆಯ ಅಡುಗೆಯಾದ ಇದನ್ನು ಅಲ್ಲಿಯವರು ಆರಿದ ಮೇಲೆಯೇ, ಎಷ್ಟೋ ಸಲ ಮರುದಿನವೇ ತಿನ್ನುತ್ತಾರೆ. ಆದ್ದರಿಂದ ಅತ್ತಿಗೆ, ಶನಿವಾರ ಸಂಜೆಯೇ ಮಾಡಿ ಮುಗಿಸೋಣ, ಬದನೆ ಹೆಚ್ಚುವುದಕ್ಕೆ ನಾನು ನಾಲ್ಕು ಗಂಟೆಯೊಳಗೆ ಬಂದುಬಿಡುತ್ತೇನೆ.