ಬೆನ್ನುಹುರಿಗೆ ಅಲ್ಲ ದೊಡ್ಡಪ್ಪ

ದೊಡ್ಡಪ್ಪ: (ವಿಡಿಯೋ: ಬೈಪಾಸ್ ಆದ್ಮೇಲೆ ನೋವೇ ಇಲ್ಲ, ಬೆನ್ನಿಗೆ ಒಂದೇ ಇಂಜೆಕ್ಷನ್!)
ಸೋಮವಾರ ತಮ್ಮನ ಹೃದಯದ ಬೈಪಾಸ್ ಆಪರೇಷನ್‌ಗೆ ಇಂಥದ್ದಕ್ಕೆಲ್ಲ ಒಪ್ಕೋಬೇಡಿ. ಬೆನ್ನುಹುರಿಗೆ ಸೂಜಿ ಹಾಕಿಸ್ಕೊಂಡು ಕಾಲು ಕಳ್ಕೊಳ್ಳೋದಾ? ನೋವು ಎರಡು ದಿನ ತಡ್ಕೊಂಡ್ರೆ ಆಯ್ತು.

ಚಿಕ್ಕಮ್ಮ: ತಡ್ಕೊಳ್ಳೋದು ಅಂತ ಮಾತ್ರ ಹೇಳ್ಬೇಡಿ ಭಾವ. ನನಗೆ ವಾಲ್ವ್ ಆಪರೇಷನ್ ಆದಾಗ ಕೆಮ್ಮಿದ್ರೆ ಎದೆ ಬಿರಿಯುತ್ತೇನೋ ಅಂತ ದಿಂಬು ಅವುಚ್ಕೊಂಡು ಕೂತಿದ್ದೆ. ಆ ಮೂರು ಚೆಂಡಿನ ಡಬ್ಬಿ ಕೊಡ್ತಾರಲ್ಲ, ಉಸಿರೆಳೆದ್ರೆ ಒಂದು ಚೆಂಡೂ ಏಳ್ತಿರ್ಲಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಆಯ್ತು.

ಅನು: ನಾವು ಅರಿವಳಿಕೆಯವರು ಹೆದರೋದೂ ಅದಕ್ಕೇ, ಚಿಕ್ಕಮ್ಮ. ದೊಡ್ಡಪ್ಪ, ನೀವು ಹೇಳ್ತಿರೋದು ಎಪಿಡ್ಯೂರಲ್, ಅಂದ್ರೆ ಬೆನ್ನುಹುರಿಯ ಹೊದಿಕೆಯ ಹೊರಗೆ ಮದ್ದು ಬಿಡೋದು. ಬೈಪಾಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ತುಂಬಾ ಕೊಡ್ತೀವಿ. ಹುರಿಯ ಪಕ್ಕ ರಕ್ತ ಸೋರಿ ಒತ್ತಿದ್ರೆ ಕಾಲಿಗೆ ಅಪಾಯ. ಅಲ್ಲಿ ನಿಮ್ಮ ಭಯ ಸರಿ.
ವಿಡಿಯೋದಲ್ಲಿರೋದು ಬೇರೆ, ನರಗಳನ್ನ ಮರಗಟ್ಟಿಸೋ ಎರೆಕ್ಟರ್ ಸ್ಪೈನೇ ಬ್ಲಾಕ್. 2016ರಲ್ಲಿ ಮೊದಲು ವಿವರಿಸಿದ್ದು. ಅಲ್ಟ್ರಾಸೌಂಡ್‌ನಲ್ಲಿ ನೋಡ್ಕೊಂಡು ಬೆನ್ನಿನ ಸ್ನಾಯುವಿನ ಅಡಿಗೆ ಮದ್ದು ಬಿಡ್ತಾರೆ, ಹುರಿ ಇರೋ ಕಾಲುವೆಯೊಳಗೆ ಸೂಜಿ ಹೋಗಲ್ಲ. ಮುಂದಿನಿಂದಲೂ ಕೊಡಬಹುದು: ಪಕ್ಕೆಲುಬಿನ ನಡುವಿನ ನರಗಳು ಎದೆಮೂಳೆ ಅಂಚಿಗೆ ಬಂದು ಮುಗಿಯುತ್ತವಲ್ಲ, ಅಲ್ಲೇ ಎರಡೂ ಬದಿ. ಅದು ಪ್ಯಾರಾಸ್ಟರ್ನಲ್ ಬ್ಲಾಕ್. ಮಲಗಿದ್ದಂತೆಯೇ ಮಾಡಬಹುದು.

ದೊಡ್ಡಪ್ಪ: ಹಾಗಾದ್ರೆ ನೋವೇ ಇರಲ್ಲ ಅನ್ನೋದು ನಿಜಾನಾ?

ಅನು: ಸುಳ್ಳು. ಒಂದು ಸಲ ಕೊಟ್ಟದ್ದು ಸುಮಾರು ಅರ್ಧ ದಿನ, ಕೆಲವರಿಗೆ ಒಂದು ದಿನ. ಪ್ಯಾರಾಸ್ಟರ್ನಲ್ ಆದ್ರೆ ಹೊಟ್ಟೆ ಮೇಲ್ಭಾಗದ ಡ್ರೈನ್ ಟ್ಯೂಬ್ ನೋವು ಉಳಿಯುತ್ತೆ. ಬೈಪಾಸ್‌ಗೆ ರಕ್ತನಾಳ ತೆಗೆದ ಕಾಲಿನ ನೋವಿಗೆ ಇವೆರಡೂ ತಾಗಲ್ಲ. ಪ್ಯಾರಾಸಿಟಮಾಲ್ ಹೇಗೂ ಬೇಕು, ಮಾರ್ಫಿನ್ ಥರದ್ದು ಕಡಿಮೆ ಸಾಕಾಗಬಹುದು. ಮಂಪರು, ವಾಂತಿ ಕಡಿಮೆಯಾದ್ರೆ ಚಿಕ್ಕಪ್ಪ ಎದ್ದು ಕೂತು ಕೆಮ್ತಾರೆ. ನನಗೆ ಬೇಕಿರೋದು ಅಷ್ಟೇ.

ಚಿಕ್ಕಮ್ಮ: ಮದ್ದು ಜಾಸ್ತಿಯಾದ್ರೆ?

ಅನು: ಫಿಟ್ಸ್ ಬರಬಹುದು, ಹೃದಯದ ಬಡಿತ ಕೆಡಬಹುದು. ಅಪರೂಪ. ಅದಕ್ಕೇ ತೂಕ ನೋಡಿ ಪ್ರಮಾಣ ಹಾಕ್ತೀವಿ, ಹಾಗಾದ್ರೆ ಕೊಡೋಕೆ ಕೊಬ್ಬಿನ ದ್ರಾವಣ ಕೈಗೆಟುಕುವಲ್ಲಿ ಇಟ್ಕೊಂಡಿರ್ತೀವಿ.

ದೊಡ್ಡಪ್ಪ: ಇಷ್ಟೆಲ್ಲ ಯಾಕೆ? ಬ್ಯಾಗಲ್ಲಿ ಡೈಕ್ಲೋಫೆನಾಕ್ ಇದೆ, ಮಂಡಿನೋವಿಗೆ ಅವನು ತಗೊಳ್ಳೋದು ಅದೇ.

ಅನು: ಅದು ಬೇಡವೇ ಬೇಡ ದೊಡ್ಡಪ್ಪ! ಬೈಪಾಸ್ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬಾರದು. ಹೃದಯಾಘಾತ, ಪಾರ್ಶ್ವವಾಯು ಅಪಾಯ ಹೆಚ್ಚುತ್ತೆ. ಡಾಕ್ಟರ್ ಬರೆದ ಆಸ್ಪಿರಿನ್ ವಿಷಯ ಬೇರೆ. ನಾಳೆ ಅರಿವಳಿಕೆ ಡಾಕ್ಟರ್ ನೋಡೋಕೆ ಬಂದಾಗ ನೀವೇ ಕೇಳಿ, ‘ಯಾವ ಬ್ಲಾಕ್, ಎಷ್ಟು ಹೊತ್ತು, ಅದು ಇಳಿದ್ಮೇಲೆ ಏನು’ ಅಂತ.

ದೊಡ್ಡಪ್ಪ: ಸ್ಟ್ರಿಪ್ ತೆಗೆದು ಬೀರುವಿನಲ್ಲಿಟ್ಟೆ. ಆ ಮೂರು ಪ್ರಶ್ನೆ ಬೇರೆಯಾಗಿ ಕಳಿಸು, ಬರ್ಕೊಳ್ತೀನಿ.