ಸಹಾಯ ಬೇಕು: ಅಕ್ಕನಿಗೊಂದು ಸ್ಪಾ ದಿನ, ಹೇಗೆ ಹೊಂದಿಸಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನಿಗೆ ಇಬ್ಬರು ಮಕ್ಕಳು, ಚಿಕ್ಕದಕ್ಕೆ ಇನ್ನೂ ಎದೆಹಾಲು. ಕೆಲಸಕ್ಕೂ ಹೋಗ್ತಾಳೆ. ಮಗುವನ್ನು ಎತ್ತಿ ಎತ್ತಿ ಎಡಭುಜ ಬಿಗಿದುಕೊಂಡಿದೆ, ಕೈ ಮೇಲೆತ್ತಿ ಜಡೆ ಹಾಕಿಕೊಳ್ಳೋಕೂ ಕಷ್ಟಪಡ್ತಾಳೆ. ಒಂದು ದಿನ ಸ್ಪಾಗೆ ಕಳಿಸಬೇಕು ಅಂತ ನನಗೂ ಭಾವನಿಗೂ ಆಸೆ.

ಮಸಾಜ್ ಬಗ್ಗೆಯೇ ನನಗೆ ಹೆಚ್ಚು ಗೊಂದಲ. ಡೀಪ್ ಟಿಶ್ಯೂನಲ್ಲಿ ಒತ್ತಡ ಜಾಸ್ತಿ, ಸ್ವೀಡಿಶ್ ಮೃದು. ಅವಳಿಗೆ ಸ್ವೀಡಿಶ್ಶೇ ಸರಿ ಅನಿಸುತ್ತೆ. ಸಿಸೇರಿಯನ್ ಆಗಿತ್ತು, ಡಾಕ್ಟರ್ ಈಗ ಒಪ್ಪಿದ್ದಾರೆ. ಆದರೆ ಎದೆಯಲ್ಲಿ ಹಾಲು ತುಂಬಿದಾಗ ಬೋರಲು ಮಲಗೋದು ನೋವು. ಪಕ್ಕಕ್ಕೆ ಮಲಗಿಸಿ ಮಸಾಜ್ ಮಾಡಿ ಅಂತ ಕೇಳಿದರೆ ಮಾಡ್ತಾರಾ? ಮಗು ಸದಾ ಅವಳ ಮೈಗಂಟಿಕೊಂಡೇ ಇರೋದರಿಂದ ಪರಿಮಳವಿಲ್ಲದ ಎಣ್ಣೆ ಬೇಕು, ಅದನ್ನು ಮನೆಯಿಂದಲೇ ಒಯ್ಯಬಹುದಾ? ಸೌನಾ ಅನ್ನೋ ಬಿಸಿ ಕೋಣೆಯಲ್ಲಿ ಬೆವರಿ ಮೈಯ ನೀರಿನಂಶ ಇಳಿಯುತ್ತೆ, ಅದನ್ನು ಬಿಟ್ಟೇ ಬಿಡ್ತೀವಿ.

ಮಕ್ಕಳನ್ನು ನಾವು ನೋಡ್ಕೋತೀವಿ. ಪಂಪ್ ಮಾಡಿದ ಹಾಲು ಫ್ರಿಜ್‌ನಲ್ಲಿ 4 ದಿನದವರೆಗೆ ಇರುತ್ತೆ, ಆ ಚಿಂತೆಯಿಲ್ಲ. ಆದರೆ ಅವಳಿಗೂ ಮಧ್ಯೆ ಪಂಪ್ ಮಾಡಬೇಕಲ್ಲ, ಬಾಗಿಲು ಹಾಕಿಕೊಳ್ಳೋ ಕೋಣೆ ಕೊಡ್ತಾರಾ?

ಇನ್ನು, ಅವಳ ಮನಸ್ಸು ಮನೆ ಕಡೆಯೇ ಎಳೆಯುತ್ತೆ, ಅದು ಗೊತ್ತು. ಎಳೆಮಗು ಬಿಟ್ಟು ಹೋಗಿಬಂದ ಅಮ್ಮಂದಿರೇ, ನಿಮಗೆ ಇಡೀ ದಿನ ಹಿತವಾಯ್ತಾ, ಅರ್ಧ ದಿನ ಸಾಕಿತ್ತಾ? ಮಸಾಜ್ ಆದಮೇಲೆ ಸುಮ್ಮನೆ ಮಲಗೋಕೆ ಬಿಡ್ತಾರಾ? ನನಗನಿಸೋದು, ಫೇಶಿಯಲ್ ಪೆಡಿಕ್ಯೂರ್‌ಗಿಂತ ಅವಳಿಗೆ ಬೇಕಿರೋದು ಆ ನಿದ್ದೆಯೇ. ದಯವಿಟ್ಟು ನಿಮ್ಮ ಅನುಭವ ಹೇಳಿ.